ಬೇಳೆ ಎರಡೇ ಸೀಟಿಗೆ ಬೇಯುವ ನೀರಿನಲ್ಲಿ ಫ್ಲೋರೈಡ್ 3.4! ಆರ್‌ಒ ಹಾಕಿಸಿದ ಮೇಲೂ 1.3. ತಪ್ಪು ಎಲ್ಲಿದೆ?

ಪ್ರಶ್ನೆ: ಕಡಲೆಕಾಯಿ ಹೊಲ (ಪಾವಗಡ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದವಾಗಿದೆ, ಆದರೂ ಪೂರ್ತಿ ಓದಿ ಉತ್ತರಿಸಬೇಕು ಎಂದು ಕೇಳಿಕೊಳ್ಳುತ್ತೇನೆ.

ಹನ್ನೊಂದು ವರ್ಷ ಪೀಣ್ಯದಲ್ಲಿ ಲೇತ್ ಮುಂದೆ ನಿಂತು ದುಡಿದು, ಎರಡು ವರ್ಷದ ಹಿಂದೆ ಊರಿಗೆ ಮರಳಿದವನು ನಾನು. ನಾಲ್ಕೂವರೆ ಎಕರೆ ಕಡಲೆಕಾಯಿ, ಎರಡು ಹಸು. ಮನೆಯಲ್ಲಿ ಅಮ್ಮ, ಅಣ್ಣ, ಅತ್ತಿಗೆ, ಅವರ ಮಗಳು, ನಾನು, ನನ್ನ ಹೆಂಡತಿ, ನಮ್ಮ ಮಗಳು, ಹೀಗೆ ಏಳು ಜನ. ಮನೆ ಬೋರ್‌ವೆಲ್ 640 ಅಡಿ. ಅದರ ನೀರೆಂದರೆ ಅಮ್ಮನಿಗೆ ಹೆಮ್ಮೆ. ಬೇಳೆ ಎರಡು ಸೀಟಿಗೆ ಕರಗುತ್ತದೆ, ಸೋಪು ಧಾರಾಳವಾಗಿ ನೊರೆ ಬಿಡುತ್ತದೆ, ಕಾಫಿ ಒಡೆಯುವುದಿಲ್ಲ. ಹಳೆಯ ಸೇದುವ ಬಾವಿಯ ನೀರು ಗಡಸು, ಪಾತ್ರೆಯ ತಳದಲ್ಲಿ ಸುಣ್ಣ ಕಟ್ಟುತ್ತಿತ್ತು. ಆ ಬಾವಿ ಬತ್ತಿ ಇಪ್ಪತ್ತು ವರ್ಷವಾಯಿತು. "ಬೋರ್ ಬಂತು, ನಮ್ಮ ಬಾಯಿಗೆ ಸಿಹಿ ನೀರು ಬಂತು" ಎಂದು ಅಮ್ಮ ಈಗಲೂ ಹೇಳುತ್ತಾರೆ.

ಅಣ್ಣನ ಮಗಳಿಗೆ ಒಂಬತ್ತು ವರ್ಷ. ಶಾಲೆಯ ಗುಂಪಿನ ಫೋಟೋದಲ್ಲಿ ಅವಳೊಬ್ಬಳೇ ತುಟಿ ಬಿಗಿಹಿಡಿದು ನಗುತ್ತಿದ್ದಾಳೆ. ಯಾಕೆಂದು ಒಂದು ದಿನ ಅವಳನ್ನು ಬಿಸಿಲಿಗೆ ಕರೆದು ಬಾಯಿ ತೆರೆಸಿ ನೋಡಿದೆ. ಮೇಲಿನ ಎರಡು ಮುಂಹಲ್ಲುಗಳ ಮೇಲೆ ಅಡ್ಡಡ್ಡಲಾಗಿ ಸೀಮೆಸುಣ್ಣದಲ್ಲಿ ಎಳೆದಂಥ ಬಿಳಿ ಗೆರೆಗಳು. ನಡುವೆ ಚಹಾ ಚೆಲ್ಲಿದ ಬಟ್ಟೆಯ ಹಾಗೆ ಕಂದು ಕಲೆ. ಉಗುರಿನಿಂದ ಕೆರೆದೆ, ಹೋಗಲಿಲ್ಲ. ದಂತವೈದ್ಯರು ಎರಡೇ ನಿಮಿಷ ನೋಡಿ, "ಇದು ಕೊಳೆಯಲ್ಲ, ಹಲ್ಲಿನ ಒಳಗೇ ಇದೆ. ಮೊದಲು ನೀರು ಪರೀಕ್ಷೆ ಮಾಡಿಸಿ" ಎಂದರು.

ಮಾಡಿಸಿದೆ. ಫ್ಲೋರೈಡ್ ಲೀಟರಿಗೆ 3.4 ಮಿಲಿಗ್ರಾಂ. ಪಿಎಚ್ (ಹುಳಿ-ಕ್ಷಾರದ ಅಳತೆ) 8.1, ಗಡಸುತನ 110, ಟಿಡಿಎಸ್ (ನೀರಿನಲ್ಲಿ ಕರಗಿದ ಒಟ್ಟು ಲವಣ) 620.

ಪೇಟೆಯಲ್ಲಿ ಒಬ್ಬ ಮಾರಾಟಗಾರನಿಂದ ಆರ್‌ಒ (ಪೊರೆಯ ಮೂಲಕ ನೀರು ಸೋಸುವ) ಯಂತ್ರ ತಂದು ಹಾಕಿಸಿದೆ. ಆತ ಜೇಬಿನಿಂದ ಪೆನ್ನಿನಂಥ ಮೀಟರ್ ತೆಗೆದು ಲೋಟಕ್ಕೆ ಅದ್ದಿದ. ಬೋರ್ ನೀರು 620, ಯಂತ್ರದ ನೀರು 230. "ಇದು ಕುಡಿಯಲು ಹೇಳಿ ಮಾಡಿಸಿದ ನೀರು. ಇನ್ನೂ ಇಳಿಸಿದರೆ ರುಚಿ ಸಪ್ಪೆಯಾಗುತ್ತದೆ, ಮೂಳೆಯೂ ಸವೆಯುತ್ತದೆ" ಎಂದ. ಮೂರು ವಾರದ ನಂತರ, ಯಾಕೋ ಸಮಾಧಾನವಾಗದೆ, ಯಂತ್ರದ ನೀರನ್ನೂ ಅದೇ ಪ್ರಯೋಗಾಲಯಕ್ಕೆ ಕೊಟ್ಟೆ. ಫ್ಲೋರೈಡ್ 1.3! ಮಾರಾಟಗಾರನನ್ನು ಕೇಳಿದರೆ, "ಟಿಡಿಎಸ್ ಸರಿಯಿದೆಯಲ್ಲ, ಲ್ಯಾಬಿನವರದ್ದೇ ತಪ್ಪು" ಎನ್ನುತ್ತಾನೆ.

ಮಿಲಿಮೀಟರಿನ ನೂರನೇ ಒಂದು ಭಾಗ ಹೆಚ್ಚಾದರೂ ಕೆಲಸ ಕೆಟ್ಟಿತು ಎನ್ನುವ ಜಾಗದಲ್ಲಿ ದುಡಿದವನು ನಾನು. ಎರಡು ಅಳತೆಗಳು ತಾಳೆಯಾಗದಿದ್ದರೆ ನಿದ್ದೆ ಬರುವುದಿಲ್ಲ. ಯಾರದ್ದು ತಪ್ಪು? ನನ್ನ ಮಗಳಿಗೆ ನಾಲ್ಕು ವರ್ಷ, ಈ ನೀರು ಕುಡಿಯಲು ಶುರುಮಾಡಿ ಎರಡು ವರ್ಷ. ಅವಳ ಹಲ್ಲಿಗೂ ಹೀಗೆಯೇ ಆಗುತ್ತದೆಯೇ? ಅಮ್ಮನಿಗೆ ಅರವತ್ತೆರಡು. ಕತ್ತು ತಿರುಗಿಸಬೇಕಾದರೆ ಇಡೀ ಮೈ ತಿರುಗಿಸುತ್ತಾರೆ, ಚಕ್ಕಳಮಕ್ಕಳ ಹಾಕಿ ಕೂರುವುದು ಬಿಟ್ಟು ಮೂರು ವರ್ಷವಾಯಿತು. ಅದಕ್ಕೂ ಇದಕ್ಕೂ ಸಂಬಂಧವಿದೆಯೇ?

ಉತ್ತರ: ತುಳಸಿಕಟ್ಟೆ (ಶಿರಾ)

ಯಂತ್ರ ಗಿಂತ್ರ ಎಲ್ಲ ದುಡ್ಡು ದಂಡ. ನೀರನ್ನು ಹತ್ತು ನಿಮಿಷ ಚೆನ್ನಾಗಿ ಕುದಿಸಿ, ತಾಮ್ರದ ಬಿಂದಿಗೆಯಲ್ಲಿ ಒಂದು ಹಿಡಿ ತುಳಸಿ ಎಲೆ ಹಾಕಿ ರಾತ್ರಿಯಿಡೀ ಬಿಡಿ. ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಹೀಗೆಯೇ. ಯಾರಿಗೂ ಏನೂ ಆಗಿಲ್ಲ.

ಉತ್ತರ: ಹಳೇ ಪಿಪೆಟ್ (ಚಿತ್ರದುರ್ಗ)

ಮೂವತ್ತು ವರ್ಷ ನೀರಿನ ಪ್ರಯೋಗಾಲಯದಲ್ಲಿ ಬಾಟಲಿ ತೊಳೆದು, ಬಣ್ಣ ನೋಡಿ, ವರದಿ ಬರೆದು ನಿವೃತ್ತನಾದವನು ನಾನು. ಮೊದಲು ಶಿರಾದವರಿಗೆ ಒಂದು ಮಾತು. ನಿಮ್ಮ ಮನೆಯ ನೀರಿನಲ್ಲಿ ಫ್ಲೋರೈಡ್ ಇಲ್ಲದಿದ್ದರೆ ತುಳಸಿ ಹಾಕಿದರೂ ಸರಿ, ಬಿಟ್ಟರೂ ಸರಿ. ಇದ್ದರೆ ಕುದಿಸುವುದು ಅಪಾಯ. ಕುದಿಸಿದಾಗ ಆವಿಯಾಗಿ ಹೋಗುವುದು ನೀರು ಮಾತ್ರ, ಫ್ಲೋರೈಡ್ ಪಾತ್ರೆಯಲ್ಲೇ ಉಳಿಯುತ್ತದೆ. ನಾಲ್ಕು ಲೀಟರ್ ಬತ್ತಿ ಮೂರಾದರೆ 3.4 ಇದ್ದದ್ದು 4.5 ಆಗುತ್ತದೆ. ಕುದಿಸುವುದು ಕ್ರಿಮಿಗೆ ಮದ್ದು, ಇದಕ್ಕಲ್ಲ. ಕ್ಯಾಂಡಲ್ ಫಿಲ್ಟರ್, ಯುವಿ ದೀಪ, ತಾಮ್ರದ ಬಿಂದಿಗೆ ಇವೂ ಅಷ್ಟೇ.

ಈಗ ಪಾವಗಡದವರಿಗೆ. ನಿಮ್ಮ ತಾಯಿಯವರ ಬೇಳೆಯ ಮಾತು ಓದಿ ನನಗೆ ನಗು ಬಂತು, ಆಮೇಲೆ ಬೇಸರವಾಯಿತು. ನಮ್ಮ ಬಯಲುಸೀಮೆಯಲ್ಲಿ ಎಲ್ಲ ಅಮ್ಮಂದಿರೂ ನೀರನ್ನು ಅಳೆಯುವುದು ಬೇಳೆ ಮತ್ತು ಸೋಪಿನಿಂದ. ಫ್ಲೋರೈಡ್ ಹೆಚ್ಚಿರುವ ನೀರು ಈ ಎರಡೂ ಪರೀಕ್ಷೆಗಳಲ್ಲಿ ಪ್ರಥಮ ದರ್ಜೆಯಲ್ಲಿ ಪಾಸಾಗುತ್ತದೆ! ಕಾರಣ ಕೇಳಿ. ನಮ್ಮ ಕಡೆಯ ನೆಲ ಗ್ರಾನೈಟ್ ಮತ್ತು ನೈಸ್ ಬಂಡೆ. ಅದರೊಳಗೆ ಫ್ಲೋರೈಟ್, ಅಪಟೈಟ್, ಕಾಗೆಬಂಗಾರದ ಜಾತಿಯ ಖನಿಜಗಳಿವೆ, ಫ್ಲೋರೈಡ್ ಇರುವುದು ಅವುಗಳಲ್ಲಿ. ನೀರಿನಲ್ಲಿ ಕ್ಯಾಲ್ಸಿಯಂ ಧಾರಾಳವಾಗಿದ್ದರೆ ಅದು ಫ್ಲೋರೈಡನ್ನು ಹಿಡಿದು ಕೂರಿಸಿಬಿಡುತ್ತದೆ, ಹೆಚ್ಚು ಕರಗಲು ಬಿಡುವುದಿಲ್ಲ. ಆಳದ ಬಂಡೆಯ ಬಿರುಕಿನಲ್ಲಿ ವರ್ಷಗಟ್ಟಲೆ ನಿಂತ ನೀರಿನಲ್ಲಿ ಕ್ಯಾಲ್ಸಿಯಂ ಕಡಿಮೆಯಾಗಿ ಸೋಡಿಯಂ ಬೈಕಾರ್ಬೊನೇಟ್ ಏರುತ್ತದೆ, ಪಿಎಚ್ 8 ದಾಟುತ್ತದೆ. ಆಗ ಕಾವಲುಗಾರನೇ ಇಲ್ಲದ ಮನೆಯಂತೆ ಫ್ಲೋರೈಡ್ ಸಲೀಸಾಗಿ ನೀರಿಗಿಳಿಯುತ್ತದೆ. ಕ್ಯಾಲ್ಸಿಯಂ ಇಲ್ಲದ್ದರಿಂದ ಸೋಪು ನೊರೆ ಬಿಡುತ್ತದೆ. ಬೈಕಾರ್ಬೊನೇಟ್ ಎಂದರೆ ಕರಗಿದ ಅಡುಗೆ ಸೋಡಾ, ಬೇಳೆ ಬೇಗ ಬೇಯದೆ ಇನ್ನೇನು? ನಿಮ್ಮ ವರದಿಯ ಪಿಎಚ್ 8.1, ಗಡಸುತನ 110 ಎಂಬ ಎರಡು ಅಂಕಿಗಳನ್ನು ನೋಡಿದಾಗಲೇ ಮೂರನೆಯದನ್ನು ನಾನು ಊಹಿಸಿದ್ದೆ. ನೀವು ಬೈದುಕೊಂಡು ಸೇದುತ್ತಿದ್ದ ಗಡಸು ನೀರಿನ ಬಾವಿ ಈ ವಿಷಯದಲ್ಲಿ ಪಾಪ, ಬಹುಶಃ ಒಳ್ಳೆಯದೇ ಇತ್ತು.

ಮಿತಿಯ ಬಗ್ಗೆ: ನಮ್ಮ ದೇಶದ ಮಾನಕ ಐಎಸ್ 10500ರ ಪ್ರಕಾರ ಫ್ಲೋರೈಡ್ ಲೀಟರಿಗೆ 1.0 ಮಿಲಿಗ್ರಾಂ ಒಳಗಿರಬೇಕು. ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಅಂಕಿಯೂ 1.5. ಆದರೆ ನಮ್ಮ ಬಿಸಿಲಿಗೆ, ಹೊಲದಲ್ಲಿ ದುಡಿದು ದಿನಕ್ಕೆ ನಾಲ್ಕೈದು ಲೀಟರ್ ಕುಡಿಯುವವರಿಗೆ, ಒಂದರೊಳಗೆ ಇದ್ದರೇ ಸರಿ. ನಿಮ್ಮ 1.3 ಪಾಸೂ ಅಲ್ಲ, ಫೇಲೂ ಅಲ್ಲ ಎಂಬ ಎಡಬಿಡಂಗಿ ಅಂಕಿ.

ಇನ್ನು ನಿಮ್ಮ ನಿದ್ದೆಗೆಡಿಸಿದ ಲೆಕ್ಕ. ಲ್ಯಾಬಿನದ್ದು ತಪ್ಪಲ್ಲ, ಆ ಪೆನ್ನಿನದ್ದೂ ತಪ್ಪಲ್ಲ. ಪೆನ್ನು ಅಳೆಯುವುದು ನೀರಿನಲ್ಲಿ ವಿದ್ಯುತ್ ಎಷ್ಟು ಸರಾಗವಾಗಿ ಹರಿಯುತ್ತದೆ ಎಂಬುದನ್ನು. ಅದರಿಂದ ಒಟ್ಟು ಲವಣದ ಅಂದಾಜು ಸಿಗುತ್ತದೆ. 620ರಲ್ಲಿ ಫ್ಲೋರೈಡ್ ಪಾಲು ಮೂರೂವರೆಯೂ ಇಲ್ಲ. ಸಂತೆಯಲ್ಲಿ ಜನರನ್ನು ಎಣಿಸಿ ಅದರಲ್ಲಿ ಕಳ್ಳರೆಷ್ಟು ಎಂದು ಹೇಳಲಾದೀತೇ? ಟಿಡಿಎಸ್ 300 ಇರುವ ನೀರಿನಲ್ಲಿ ಫ್ಲೋರೈಡ್ 4 ಇದ್ದದ್ದನ್ನೂ, 1500 ಇರುವ ನೀರಿನಲ್ಲಿ 0.5 ಇದ್ದದ್ದನ್ನೂ ನನ್ನ ಕೈಯಾರೆ ಬರೆದಿದ್ದೇನೆ.

ಸುಸ್ಥಿತಿಯಲ್ಲಿರುವ ಆರ್‌ಒ ಪೊರೆ ಫ್ಲೋರೈಡಿನ ನೂರಕ್ಕೆ ತೊಂಬತ್ತರ ಆಸುಪಾಸು ತಡೆಯುತ್ತದೆ. ಅಂದರೆ ನಿಮಗೆ 0.3 ಅಥವಾ 0.4 ಬರಬೇಕಿತ್ತು. 620 ಟಿಡಿಎಸ್ ಕೂಡ ಐವತ್ತರ ಹತ್ತಿರಕ್ಕೆ ಇಳಿಯಬೇಕಿತ್ತು. ಅದು 230ಕ್ಕೆ ನಿಂತಿದೆ ಎಂದರೆ ಎರಡರಲ್ಲಿ ಒಂದು: ಹೊಸ ಪೊರೆಯೇ ತೂತು, ಇಲ್ಲವೇ ಯಾರೋ ಬೋರ್ ನೀರನ್ನು ಶುದ್ಧ ನೀರಿಗೆ ಬೆರೆಸುತ್ತಿದ್ದಾರೆ. ನನ್ನ ಅನುಮಾನ ಎರಡನೆಯದರ ಮೇಲೆ. ಮುಚ್ಚಳ ಬಿಚ್ಚಿ. ಪೊರೆಯ ಕೊಳವೆಯ ಹಿಂದೆ, ಎರಡು ಸಣ್ಣ ಪೈಪುಗಳು ಸೇರುವ ಜಾಗದಲ್ಲಿ ಹೆಬ್ಬೆರಳ ಗಾತ್ರದ ತಿರುಪಿನ ಕವಾಟ ಇರುತ್ತದೆ. ಟಿಡಿಎಸ್ ಹೊಂದಿಸುವ ತಿರುಪು ಎನ್ನುತ್ತಾರೆ. ಅದನ್ನು ಸಡಿಲಿಸಿದಷ್ಟೂ ಪೊರೆಗೆ ಹೋಗದ ನೀರು ಪಕ್ಕದ ದಾರಿಯಿಂದ ಬಂದು ಬೆರೆಯುತ್ತದೆ. ರುಚಿ ಬರುತ್ತದೆ, ಜೊತೆಗೆ ಫ್ಲೋರೈಡೂ ಬರುತ್ತದೆ. ಮೂರರಲ್ಲಿ ಒಂದು ಪಾಲು ಬೋರ್ ನೀರು ಬೆರೆತರೆ 1.3 ಬರುತ್ತದೆ, ಲೆಕ್ಕ ಹಾಕಿ ನೋಡಿ. ಟಿಡಿಎಸ್ಸೂ ಅಲ್ಲಿಗೇ ಬರುತ್ತದೆ. ಲೇತ್ ಮುಂದೆ ನಿಂತವರಿಗೆ ತಿರುಪು ತಿರುಗಿಸುವುದನ್ನು ನಾನು ಹೇಳಿಕೊಡಬೇಕಿಲ್ಲ.

ಮೂಳೆ ಸವೆಯುತ್ತದೆ ಎಂಬ ಹೆದರಿಕೆ ಬೇಡ. ನಮಗೆ ಕ್ಯಾಲ್ಸಿಯಂ ಬರುವುದು ಮುಖ್ಯವಾಗಿ ಊಟದಿಂದ. ನೂರು ಗ್ರಾಂ ರಾಗಿಯಲ್ಲೇ 300 ಮಿಲಿಗ್ರಾಮಿಗೂ ಹೆಚ್ಚು ಇದೆ. ಫ್ಲೋರೈಡ್ ಇರುವ ಊರಿನಲ್ಲಿ ರಾಗಿ, ಹಾಲು, ಸೊಪ್ಪು, ನೆಲ್ಲಿಕಾಯಿ ತಪ್ಪಿಸಬಾರದು. ಊಟ ಸರಿಯಿಲ್ಲದವರನ್ನು ಫ್ಲೋರೋಸಿಸ್, ಅಂದರೆ ಫ್ಲೋರೈಡ್ ಹೆಚ್ಚಾಗಿ ಹಲ್ಲು, ಮೂಳೆ ಕೆಡುವ ಈ ಕಾಯಿಲೆ, ಹೆಚ್ಚು ಕಾಡುತ್ತದೆ. ಹಾಲಿಲ್ಲದ ಕಪ್ಪು ಚಹಾ ಲೋಟಗಟ್ಟಲೆ ಕುಡಿಯುವವರಿದ್ದರೆ ಕಡಿಮೆ ಮಾಡಿಸಿ, ಚಹಾ ಸೊಪ್ಪಿನಲ್ಲೂ ಫ್ಲೋರೈಡ್ ಇದೆ.

ಮಗುವಿನ ವಿಷಯ. ಹಲ್ಲಿನ ಹೊರಪದರ ದವಡೆಯೊಳಗೆ ರೂಪುಗೊಳ್ಳುವಾಗಲೇ ಈ ಕಲೆ ಕೂರುತ್ತದೆ. ಹಲ್ಲು ಹೊರಬಂದ ಮೇಲೆ ನೀರಿನಿಂದ ಹೊಸ ಕಲೆ ಆಗುವುದಿಲ್ಲ, ಆದದ್ದು ಹೋಗುವುದೂ ಇಲ್ಲ. ಸುಮಾರು ಎಂಟು ವರ್ಷದವರೆಗೆ ಆ ಕೆಲಸ ಒಳಗೆ ನಡೆಯುತ್ತಿರುತ್ತದೆ. ನಿಮ್ಮ ಮಗಳ ಮುಂಹಲ್ಲಿಗೆ ಸ್ವಲ್ಪ ತಗುಲಿರಬಹುದು, ಹಿಂದಿನ ಹಲ್ಲುಗಳಿಗೆ ಇನ್ನೂ ಕಾಲವಿದೆ. ಇಂದಿನಿಂದಲೇ ನೀರು ಬದಲಾಯಿಸಿ. ಅಣ್ಣನ ಮಗಳ ಹಲ್ಲಿನ ಬಣ್ಣಕ್ಕೆ ದಂತವೈದ್ಯರಲ್ಲಿ ಲೇಪನದ ಉಪಾಯಗಳಿವೆ. ಅದನ್ನು ಈಗಲೇ ಅಲ್ಲ, ಸ್ವಲ್ಪ ದೊಡ್ಡವಳಾದ ಮೇಲೆ ಯೋಚಿಸಬಹುದು.

ತಾಯಿಯವರ ಕತ್ತಿನ ಬಗ್ಗೆ ನಾನು ವೈದ್ಯನಲ್ಲ. ಅರವತ್ತೆರಡರಲ್ಲಿ ಕತ್ತು ಬಿಗಿಯಲು ಬೇರೆ ಹತ್ತು ಕಾರಣಗಳಿರುತ್ತವೆ. ಆದರೆ ಇಪ್ಪತ್ತು ವರ್ಷ 3.4ರ ನೀರು ಕುಡಿದಿದ್ದಾರೆ ಎಂಬುದನ್ನು ವೈದ್ಯರಿಗೆ ನೀವಾಗಿಯೇ ಹೇಳಿ, ವರದಿ ತೋರಿಸಿ. ಮುಂಗೈಯ ಎಕ್ಸ್‌ರೇ ಮತ್ತು ಮೂತ್ರದ ಫ್ಲೋರೈಡ್ ಪರೀಕ್ಷೆಯಿಂದ ಅವರಿಗೆ ಸುಳಿವು ಸಿಗುತ್ತದೆ. ನಮ್ಮ ದೇಶದಲ್ಲಿ ಈ ಕಾಯಿಲೆಯನ್ನು ಮೊದಲು ಗುರುತಿಸಿ ಬರೆದದ್ದು 1937ರಲ್ಲಿ, ಆಗಿನ ಮದರಾಸು ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ. ಅಲ್ಲಿಯೂ ಜನರನ್ನು ಕಾಡಿದ್ದು ಇದೇ ಬಿಗಿದ ಬೆನ್ನು, ಬಾಗದ ಕತ್ತು.

ಕಡಲೆಕಾಯಿ ಹೊಲ

ಪಿಪೆಟ್ ಸರ್, ನಿಮ್ಮ ಉತ್ತರ ಓದಿ ಊಟಕ್ಕೂ ಏಳದೆ ಯಂತ್ರ ಬಿಚ್ಚಿದೆ. ಪೊರೆಯ ಕೊಳವೆಯ ಹಿಂದೆ, ನೀವು ಹೇಳಿದ ಜಾಗದಲ್ಲೇ, ಬಿಳಿ ಪ್ಲಾಸ್ಟಿಕ್ಕಿನ ಕವಾಟ, ತಲೆಯಲ್ಲಿ ಹಳದಿ ತಿರುಪು. ಪೂರ್ತಿ ಮುಚ್ಚಿದ ಸ್ಥಿತಿಯಿಂದ ಎಷ್ಟು ತೆರೆದಿದೆ ಎಂದು ಎಣಿಸಿಕೊಳ್ಳುತ್ತಾ ಬಿಗಿದೆ: ಎರಡು ಸುತ್ತು, ಮೇಲೆ ಕಾಲು. ಟ್ಯಾಂಕ್ ಎರಡು ಸಲ ಖಾಲಿ ಮಾಡಿ ತುಂಬಿಸಿದೆ. ಪಕ್ಕದ ಮನೆಯವರ ಪೆನ್ನು ತಂದು ಅದ್ದಿದರೆ 46.

ನೀರು ಸಪ್ಪೆ ಅನ್ನಿಸುವುದು ನಿಜ. ಅಮ್ಮ ಒಂದು ಗುಟುಕು ಕುಡಿದು, "ಇದು ನೀರೋ, ನೀರಿನ ನೆರಳೋ" ಎಂದರು.

ಎರಡು ಅನುಮಾನ. ಯಂತ್ರ ಬಿಡುವ ಕೊಳೆ ನೀರು ದಿನಕ್ಕೆ ಐವತ್ತು ಲೀಟರಿಗೂ ಹೆಚ್ಚು. ಚೆಲ್ಲಲು ಮನಸ್ಸಾಗದೆ ಹಸುಗಳ ತೊಟ್ಟಿಗೆ ಬಿಡುತ್ತಿದ್ದೇನೆ, ಸರಿಯೇ? ಇನ್ನೊಂದು, ಪ್ರತಿ ಸಲ ಪ್ರಯೋಗಾಲಯಕ್ಕೆ ಹೋಗಿಬರಲು ಅರ್ಧ ದಿನ ಬೇಕು. ಮನೆಯಲ್ಲೇ ನೋಡಿಕೊಳ್ಳಲು ದಾರಿಯಿದೆಯೇ?

ಉತ್ತರ: ನೀರಕ್ಕ (ಮುಂಡರಗಿ)

ಅಣ್ಣ, ಎರಡನೆಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಜಲ ಜೀವನ್ ಮಿಷನ್ ಅಡಿಯಲ್ಲಿ ಊರೂರಿನ ಹೆಂಗಸರಿಗೆ ನೀರು ಪರೀಕ್ಷೆಯ ತರಬೇತಿ ಕೊಟ್ಟು ಕಿಟ್ ಕೊಟ್ಟಿದ್ದಾರೆ. ನಮ್ಮ ಊರಿನ ಐವರಲ್ಲಿ ನಾನೊಬ್ಬಳು. ನಿಮ್ಮ ಪಂಚಾಯಿತಿಯಲ್ಲಿ ವಿಚಾರಿಸಿ, ಕಿಟ್ ಬೀರುವಿನಲ್ಲಿ ದೂಳು ಹಿಡಿದು ಕೂತಿರಬಹುದು.

ಮಾಡುವುದು ಸುಲಭ. ಸಣ್ಣ ಗಾಜಿನ ನಳಿಕೆಯಲ್ಲಿ ಗೆರೆಯವರೆಗೆ ನೀರು ತೆಗೆದುಕೊಂಡು ದ್ರಾವಣವನ್ನು ಹನಿ ಎಣಿಸಿ ಹಾಕಬೇಕು. ಫ್ಲೋರೈಡ್ ಇಲ್ಲದಿದ್ದರೆ ಗುಲಾಬಿ ಬಣ್ಣ ಹಾಗೇ ನಿಲ್ಲುತ್ತದೆ. ಇದ್ದಷ್ಟೂ ಗುಲಾಬಿ ಕಳೆದು ಕಿತ್ತಳೆ, ಆಮೇಲೆ ಹಳದಿ. ಜೊತೆಗೆ ಕೊಟ್ಟ ಬಣ್ಣದ ಕಾರ್ಡಿನ ಪಕ್ಕ ಹಿಡಿದು ನೋಡುವುದು. ಹಗಲು ಬೆಳಕಿನಲ್ಲಿ, ಬಿಳಿ ಗೋಡೆಯ ಮುಂದೆ ನೋಡಿ. ಸಂಜೆ ದೀಪದ ಬೆಳಕಿನಲ್ಲಿ ಎಲ್ಲವೂ ಹಳದಿಯಾಗಿಯೇ ಕಾಣುತ್ತದೆ, ನಾನು ಹೀಗೆ ಒಮ್ಮೆ ಒಳ್ಳೆಯ ಕೊಳವೆಬಾವಿಗೆ ಕುಡಿಯಬಾರದೆಂಬ ಗುರುತಿನ ಕೆಂಪು ಬಣ್ಣ ಬಳಿಸಿ ಬೈಸಿಕೊಂಡಿದ್ದೇನೆ. ದ್ರಾವಣದ ಬಾಟಲಿಯ ಮೇಲಿನ ಅವಧಿ ಮುಗಿದಿದೆಯೇ ಎಂದೂ ನೋಡಿ.

ನನ್ನದೂ ಒಂದು ವಿಷಯವಿದೆ. ನಮ್ಮ ಬೀದಿಯಲ್ಲಿ ಆರ್‌ಒ ಕೊಳ್ಳುವ ಶಕ್ತಿ ಎಲ್ಲರಿಗೂ ಇಲ್ಲ. ಊರಿನ ಶುದ್ಧ ನೀರಿನ ಘಟಕಕ್ಕೆ ನಾಣ್ಯ ಹಾಕಿ ಇಪ್ಪತ್ತು ಲೀಟರ್ ಕ್ಯಾನ್ ಹಿಡಿಯುತ್ತೇವೆ. ಅದು ಕೆಟ್ಟರೆ ವಾರಗಟ್ಟಲೆ ಬೀಗ. ಅಂಥ ದಿನಗಳಲ್ಲಿ ಒಂದು ಕೊಡ ನೀರಿಗೆ ಸ್ಫಟಿಕ (ಆಲಂ) ಮತ್ತು ಚಿಟಿಕೆ ಸುಣ್ಣ ಹಾಕಿ, ಕದಡಿ, ರಾತ್ರಿ ಬಿಟ್ಟು, ಬೆಳಗ್ಗೆ ಮೇಲಿನ ತಿಳಿ ಬಸಿದು ಕಿಟ್ಟಿನಲ್ಲಿ ನೋಡಿದೆ. 2.5 ಇದ್ದದ್ದು 0.6 ತೋರಿಸಿತು. ಇದನ್ನು ಎಲ್ಲರಿಗೂ ಹೇಳಿಕೊಡಬಹುದೇ?

ಉತ್ತರ: ಹಳೇ ಪಿಪೆಟ್ (ಚಿತ್ರದುರ್ಗ)

ಹಸುವಿನ ಪ್ರಶ್ನೆ ಮೊದಲು, ಅದಕ್ಕೆ ಬಾಯಿ ಬರುವುದಿಲ್ಲ. ಆ ನೀರನ್ನು ತೊಟ್ಟಿಗೆ ಬಿಡಲೇಬೇಡಿ. ಪೊರೆ ತಡೆದ ಫ್ಲೋರೈಡ್ ಹೋಗುವುದು ಎಲ್ಲಿಗೆ? ಅದೇ ಕೊಳೆ ನೀರಿಗೆ. ಹತ್ತು ಲೀಟರಿನಲ್ಲಿ ಮೂರು ಲೀಟರ್ ಶುದ್ಧ ನೀರು ಬಂದರೆ ಉಳಿದ ಏಳರಲ್ಲಿ ಫ್ಲೋರೈಡ್ 4.7ರ ಹತ್ತಿರ ಇರುತ್ತದೆ. ದನಗಳಿಗೂ ಈ ಕಾಯಿಲೆ ಬರುತ್ತದೆ. ಹಲ್ಲು ಸವೆದು ಮೇವು ಅಗಿಯಲಾಗದೆ ಸೊರಗುತ್ತವೆ, ಕುಂಟುತ್ತವೆ. ಬಚ್ಚಲಿಗೆ, ಶೌಚಕ್ಕೆ, ಅಂಗಳ ತೊಳೆಯಲು ಬಳಸಿ. ಸ್ನಾನಕ್ಕೆ ಬಟ್ಟೆಗೆ ಬೋರ್ ನೀರು ಧಾರಾಳವಾಗಿ ಆಗುತ್ತದೆ, ಚರ್ಮದಿಂದ ಫ್ಲೋರೈಡ್ ಒಳಹೋಗುವ ಭಯವಿಲ್ಲ. ಆದರೆ ಮುದ್ದೆಯ ಎಸರು, ಅನ್ನ, ಸಾರು, ಕಾಫಿ ಎಲ್ಲದಕ್ಕೂ ಯಂತ್ರದ ನೀರೇ ಬೇಕು. ಕುಡಿಯಲು ಶುದ್ಧ ನೀರು, ಅಡುಗೆಗೆ ಬೋರ್ ನೀರು ಎಂಬ ಅರ್ಧ ವ್ರತವನ್ನು ತುಂಬಾ ಮನೆಗಳಲ್ಲಿ ನೋಡಿದ್ದೇನೆ.

ನೀರಕ್ಕ, ನಿಮ್ಮ ಕೆಲಸಕ್ಕೆ ಕೈ ಮುಗಿಯುತ್ತೇನೆ. ಆದರೆ ಆ 0.6 ನಂಬಬೇಡಿ. ಸ್ಫಟಿಕವೆಂದರೆ ಅಲ್ಯೂಮಿನಿಯಂ ಲವಣ. ತಿಳಿ ನೀರಿನಲ್ಲಿ ಸ್ವಲ್ಪ ಅಲ್ಯೂಮಿನಿಯಂ ಉಳಿದಿದ್ದರೂ ಅದು ಫ್ಲೋರೈಡನ್ನು ತಬ್ಬಿಕೊಂಡು ಕೂತಿರುತ್ತದೆ, ಬಣ್ಣದ ದ್ರಾವಣಕ್ಕೆ ಬಿಟ್ಟುಕೊಡುವುದಿಲ್ಲ. ಬಣ್ಣ ಗುಲಾಬಿಯಾಗಿಯೇ ಉಳಿಯುತ್ತದೆ, ನಾವು ಹೋಯಿತು ಎಂದು ಖುಷಿಪಡುತ್ತೇವೆ. ನಮ್ಮ ಪ್ರಯೋಗಾಲಯದ ಸ್ಪಾಡ್ನ್ಸ್ ವಿಧಾನಕ್ಕೂ ಇದೇ ಕಾಯಿಲೆ. ಅದು ಸಹ ಜಿರ್ಕೋನಿಯಂ ಕೂಡಿದ ಕೆಂಪು ಬಣ್ಣ, ಫ್ಲೋರೈಡ್ ಬಂದು ಜಿರ್ಕೋನಿಯಂ ಕಿತ್ತುಕೊಂಡಷ್ಟೂ ಬಣ್ಣ ಕಳೆಗುಂದುತ್ತದೆ. ಆ ವಿಧಾನದಲ್ಲಿ ಅಳತೆ ನೇರವಾಗಿ ಸಾಗುವುದು 1.4ರವರೆಗೆ ಮಾತ್ರ. ಅದಕ್ಕೂ ಹೆಚ್ಚಿದ್ದರೆ ನೀರನ್ನು ಶುದ್ಧಜಲದಿಂದ ತೆಳುಮಾಡಿ ಮತ್ತೆ ಅಳೆಯಬೇಕು. ಇದನ್ನು ಮಾಡದೆ ಸೋಮಾರಿತನದಿಂದ ಬರೆದ ವರದಿಗಳನ್ನೂ ಕಂಡಿದ್ದೇನೆ. ಹಾಗಾಗಿ ಸ್ಫಟಿಕ ಹಾಕಿದ ನೀರನ್ನು ಫ್ಲೋರೈಡ್ ಎಲೆಕ್ಟ್ರೋಡ್ ಇರುವ ಕಡೆ ಅಳೆಸಿ. ಅದರ ತುದಿಯಲ್ಲಿ ಲ್ಯಾಂಥನಂ ಫ್ಲೋರೈಡಿನ ಹರಳು ಇರುತ್ತದೆ. ಅಳೆಯುವ ಮುನ್ನ ಬೆರೆಸುವ ಟಿಸಾಬ್ ಎಂಬ ದ್ರಾವಣ ಅಲ್ಯೂಮಿನಿಯಂ ತೋಳಿನಿಂದ ಫ್ಲೋರೈಡನ್ನು ಬಿಡಿಸಿ ಹೊರಗೆಳೆಯುತ್ತದೆ.

ನೀವು ಮಾಡಿದ್ದು ಮೂಲತಃ ನಲ್ಗೊಂಡ ವಿಧಾನ. ನಾಗಪುರದ ನೀರಿ (ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ) 1970ರ ದಶಕದಲ್ಲಿ ರೂಪಿಸಿದ್ದು: ಸ್ಫಟಿಕ, ಸುಣ್ಣ, ಬ್ಲೀಚಿಂಗ್ ಪುಡಿ. ಕೆಸರು ನೀರು ತಿಳಿಯಾಗಿಸಲು ಹಾಕುವ ಸ್ಫಟಿಕಕ್ಕೂ ಇದಕ್ಕೂ ಅಜಗಜಾಂತರ. ಇಲ್ಲಿ ಲೀಟರಿಗೆ ನೂರಾರು ಮಿಲಿಗ್ರಾಂ ಬೇಕು. ಎಷ್ಟೆಂಬುದು ಫ್ಲೋರೈಡ್ ಎಷ್ಟಿದೆ, ನೀರಿನ ಕ್ಷಾರತೆ ಎಷ್ಟಿದೆ ಎಂಬುದರ ಮೇಲೆ ನಿಂತಿದೆ. ಹೆಚ್ಚಾದರೆ ನೀರು ಹುಳಿ, ಅಲ್ಯೂಮಿನಿಯಂ ಉಳಿಯುತ್ತದೆ. ಕಡಿಮೆಯಾದರೆ ಫ್ಲೋರೈಡ್ ಉಳಿಯುತ್ತದೆ. ಕುಡಿಯುವ ನೀರಿನಲ್ಲಿ ಅಲ್ಯೂಮಿನಿಯಂ ಎಷ್ಟೇ ಸಡಿಲಿಸಿದರೂ 0.2 ಮಿಲಿಗ್ರಾಂ ಮೀರಬಾರದು. ಒಬ್ಬ ತಿಳಿದವರು ಅಳತೆ ಮಾಡಿ ಪೊಟ್ಟಣ ಕಟ್ಟಿಕೊಟ್ಟರೆ ಸರಿ, ಚಿಟಿಕೆಯ ಲೆಕ್ಕದಲ್ಲಿ ಊರಿಗೆಲ್ಲ ಹೇಳಿಕೊಡಬೇಡಿ.

ಇನ್ನೊಂದು ದಾರಿ ಆಕ್ಟಿವೇಟೆಡ್ ಅಲ್ಯೂಮಿನಾ. ಸಬ್ಬಕ್ಕಿಯಂಥ ಬಿಳಿ ಕಾಳುಗಳು. ಮೇಲಿನ ಪಾತ್ರೆಯಲ್ಲಿ ಅವುಗಳ ಮೂಲಕ ನೀರು ನಿಧಾನವಾಗಿ ಇಳಿದು ಕೆಳಗಿನ ಪಾತ್ರೆಗೆ ಬೀಳುತ್ತದೆ. ಕರೆಂಟು ಬೇಡ, ಕೊಳೆ ನೀರಿಲ್ಲ. ತೊಂದರೆಯೇನೆಂದರೆ ಕಾಳಿನ ಶಕ್ತಿ ಮುಗಿಯುವುದು ಕಣ್ಣಿಗೆ ಕಾಣುವುದಿಲ್ಲ. ಒಂದು ಕಿಲೋ ಕಾಳು ಒಂದೂವರೆ ಗ್ರಾಂ ಫ್ಲೋರೈಡ್ ಹಿಡಿಯುತ್ತದೆ ಎಂದುಕೊಂಡರೆ, ಮೂರು ಕಿಲೋ ಪಾತ್ರೆ ಪಾವಗಡದವರ ನೀರಿಗೆ ಎರಡು ಸಾವಿರ ಲೀಟರಿನ ಒಳಗೇ ಸುಸ್ತಾಗುತ್ತದೆ. ದಿನಕ್ಕೆ ಇಪ್ಪತ್ತು ಲೀಟರ್ ಎಂದರೆ ಎರಡು ಮೂರು ತಿಂಗಳು. ಪಿಎಚ್ ಎಂಟು ದಾಟಿದ ನೀರಿಗೆ ಇನ್ನೂ ಬೇಗ. ಆಮೇಲೆ ಕಾಸ್ಟಿಕ್ ಸೋಡಾ, ಆಮ್ಲ ಹಾಕಿ ಕಾಳನ್ನು ಮತ್ತೆ ಎಬ್ಬಿಸಬೇಕು. ಅದು ಅಡುಗೆಮನೆಯಲ್ಲಿ ಮಾಡುವ ಕೆಲಸವಲ್ಲ. ಹೀಗೆ ಕೊಟ್ಟ ಪಾತ್ರೆಗಳು ಕಾಳು ಸತ್ತ ಮೇಲೂ ವರ್ಷಗಟ್ಟಲೆ ನೀರಿಳಿಸುತ್ತಾ, ಕೊನೆಗೆ ಅಕ್ಕಿ ತುಂಬುವ ಡಬ್ಬಿಯಾದದ್ದನ್ನು ನಾನೇ ನೋಡಿದ್ದೇನೆ.

ನೀರು ಪರೀಕ್ಷೆಗೆ ಒಯ್ಯುವವರಿಗೆ: ಪ್ಲಾಸ್ಟಿಕ್ ಬಾಟಲಿ ಇರಲಿ, ಫ್ಲೋರೈಡಿಗೆ ಗಾಜು ಬೇಡ. ತಂಪುಪಾನೀಯದ ಬಾಟಲಿಯಾದರೆ ವಾಸನೆ ಹೋಗುವವರೆಗೆ ತೊಳೆಯಿರಿ, ಸೋಪು ಹಾಕಬೇಡಿ. ಮೋಟಾರ್ ಹಾಕಿ ಐದು ನಿಮಿಷ ನೀರು ಹೋಗಲು ಬಿಟ್ಟು, ಅದೇ ನೀರಿನಲ್ಲಿ ಮೂರು ಸಲ ಗಲಬರಿಸಿ ಆಮೇಲೆ ತುಂಬಿ. ಬಾಟಲಿಯ ಮೇಲೆ ಬರೆಯಿರಿ, ಮುಚ್ಚಳದ ಮೇಲಲ್ಲ. ಮುಚ್ಚಳಗಳು ಅದಲುಬದಲಾಗುತ್ತವೆ, ನಗಬೇಡಿ, ಆಗಿದೆ.

ಉತ್ತರ: ಮಳೆಕೊಯ್ಲು (ಬಾಗೇಪಲ್ಲಿ)

ನೀವೆಲ್ಲ ನೆಲದ ನೀರಿನ ಹಿಂದೆಯೇ ಬಿದ್ದಿದ್ದೀರಿ, ತಲೆಯ ಮೇಲೆ ಬೀಳುವುದನ್ನು ಒಬ್ಬರೂ ನೋಡಲಿಲ್ಲ. ಮಳೆ ನೀರು ಬಂಡೆ ಮುಟ್ಟಿರುವುದಿಲ್ಲ, ಅದರಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ನಮ್ಮದು 80 ಚದರ ಮೀಟರ್ ತಾರಸಿ. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ವರ್ಷಕ್ಕೆ 500 ಮಿಲಿಮೀಟರ್ ಬಿದ್ದರೂ 40,000 ಲೀಟರ್, ಪೋಲಾಗುವುದನ್ನು ಕಳೆದು 30,000. ಐದು ಜನರ ಕುಡಿಯುವುದಕ್ಕೂ ಅಡುಗೆಗೂ ದಿನಕ್ಕೆ 30 ಲೀಟರ್ ಸಾಕು, ಅಂದರೆ ವರ್ಷಕ್ಕೆ ಹನ್ನೊಂದು ಸಾವಿರ. ನಾವು 8,000 ಲೀಟರಿನ ಸಂಪು ಕಟ್ಟಿಸಿದ್ದೇವೆ. ಕಾರ್ತಿಕ ಮುಗಿಯುವಾಗ ತುಂಬಿರುತ್ತದೆ, ಮುಂದಿನ ಮುಂಗಾರಿನವರೆಗೆ ಬರುತ್ತದೆ.

ಮೊದಲ ಮಳೆಯನ್ನು ಹೊರಗೆ ಬಿಡಬೇಕು, ತಾರಸಿಯ ಹಕ್ಕಿ ಹಿಕ್ಕೆಯೆಲ್ಲ ಅದರಲ್ಲಿರುತ್ತದೆ. ಜಲ್ಲಿ, ಮರಳು, ಇದ್ದಿಲಿನ ಡ್ರಮ್ ದಾಟಿಸಿ ಸಂಪಿಗೆ. ಸಂಪಿಗೆ ಬೆಳಕು ಬೀಳಬಾರದು. ಈ ನೀರನ್ನು ಮಾತ್ರ ಕುದಿಸಿ ಕುಡಿಯಿರಿ. ಶಿರಾದವರು ತುಳಸಿಯನ್ನೂ ಹಾಕಿಕೊಳ್ಳಬಹುದು.

ಕಷ್ಟವಿಲ್ಲವೆಂದಲ್ಲ. ಒಂದು ವರ್ಷ ಮಳೆ ಕೈಕೊಟ್ಟು ಫೆಬ್ರುವರಿಯಲ್ಲೇ ಸಂಪಿನ ತಳ ಕಂಡಿತು. ಮೂರು ತಿಂಗಳು ಕ್ಯಾನ್ ಹೊತ್ತೆವು.

ಉತ್ತರ: ತುಳಸಿಕಟ್ಟೆ (ಶಿರಾ)

ಸರಿ ಸ್ವಾಮಿ, ನಾಳೆ ನಮ್ಮ ನೀರನ್ನೂ ಬಾಟಲಿಗೆ ತುಂಬುತ್ತೇನೆ. ಪ್ಲಾಸ್ಟಿಕ್ಕಿನದೇ.

ಕಡಲೆಕಾಯಿ ಹೊಲ (ಐದು ವಾರದ ನಂತರ)

ಎಲ್ಲರಿಗೂ ತಿಳಿಸಬೇಕಾದ್ದು. ತಿರುಪು ಮುಚ್ಚಿದ ಮೇಲೆ ಯಂತ್ರದ ನೀರನ್ನು ಮತ್ತೆ ಪರೀಕ್ಷೆಗೆ ಕೊಟ್ಟೆ. ಫ್ಲೋರೈಡ್ 0.3. ಮಾರಾಟಗಾರನಿಗೆ ಎರಡೂ ವರದಿ ತೋರಿಸಿದೆ. ಆತ ಓದಿ, ಮಡಚಿ ಹಿಂದಿರುಗಿಸಿ, "ನಿಮಗೆ ರುಚಿ ಬೇಡವಾದರೆ ಹಾಗೇ ಇಟ್ಟುಕೊಳ್ಳಿ" ಎಂದ. ಆತ ಹೀಗೆ ತಿರುಪು ಸಡಿಲಿಸಿಟ್ಟ ಇನ್ನೂ ನಾಲ್ಕು ಮನೆಗಳು ನಮ್ಮೂರಿನಲ್ಲಿವೆ. ಭಾನುವಾರ ಸ್ಕ್ರೂಡ್ರೈವರ್ ಹಿಡಿದು ನಾಲ್ಕಕ್ಕೂ ಹೋಗಿ ಬಂದೆ. ಮೂರು ಮನೆಯವರು ಚಹಾ ಕೊಟ್ಟರು. ನಾಲ್ಕನೆಯವರು ಯಂತ್ರ ಮುಟ್ಟಲು ಬಿಡಲಿಲ್ಲ, ಗ್ಯಾರಂಟಿ ಹೋಗುತ್ತದಂತೆ.

ಹಸುಗಳಿಗೆ ಈಗ ಕೆರೆಯ ಪಕ್ಕದ ತೊಟ್ಟಿಯ ನೀರು. ಕೊಳೆ ನೀರು ಬಚ್ಚಲಿಗೆ. ಪಂಚಾಯಿತಿಯಲ್ಲಿ ಕಿಟ್ ಕೇಳಿದೆ. ನೀರಕ್ಕ ಹೇಳಿದ ಹಾಗೆ ಬೀರುವಿನಲ್ಲೇ ಇತ್ತು, ದೂಳೂ ಇತ್ತು. ದ್ರಾವಣದ ಅವಧಿ ಮುಗಿದಿತ್ತು, ಹೊಸದಕ್ಕೆ ಬರೆದುಕೊಟ್ಟಿದ್ದೇನೆ.

ಅಮ್ಮನನ್ನು ಜಿಲ್ಲಾ ಕೇಂದ್ರಕ್ಕೆ ಕರೆದುಕೊಂಡು ಹೋಗಿದ್ದೆ. ವೈದ್ಯರು ಮುಂಗೈ ಎಕ್ಸ್‌ರೇ ಬೆಳಕಿಗೆ ಹಿಡಿದು, ಎರಡು ಮೂಳೆಗಳ ನಡುವೆ ಇರಬಾರದ ಜಾಗದಲ್ಲಿ ಬಿಳಿ ಅಂಚು ತೋರಿಸಿದರು. ಕತ್ತಿನ ಸವೆತವೂ ಸೇರಿಕೊಂಡಿದೆಯಂತೆ. ಕೂಡಿದ್ದು ಕರಗುವುದಿಲ್ಲ, ಇನ್ನು ಕೂಡದಂತೆ ನೋಡಿಕೊಳ್ಳಬಹುದು ಎಂದರು. ಅಮ್ಮ ಬಸ್ಸಿನಲ್ಲಿ ಬರುವಾಗ ಪಾವಗಡ ದಾಟುವವರೆಗೂ ಮಾತನಾಡಲಿಲ್ಲ. ಆಮೇಲೆ, "ಆ ಗಡಸು ನೀರಿನ ಬಾವಿ ಮುಚ್ಚಿಸೋಣ ಎಂದು ನಿಮ್ಮಪ್ಪನಿಗೆ ಹೇಳಿದವಳು ನಾನೇ" ಎಂದರು.

ಬೇಳೆಗೆ ಈಗ ನಾಲ್ಕು ಸೀಟಿ. ಮೊನ್ನೆ ಅತ್ತಿಗೆ ಅವಸರದಲ್ಲಿ ಕುಕ್ಕರಿಗೆ ಬೋರ್ ನೀರು ಹಿಡಿದಾಗ, ಅಮ್ಮನೇ ಒಲೆಯ ಬಳಿ ಹೋಗಿ ಅದನ್ನು ಬಚ್ಚಲಿಗೆ ಸುರಿದು, ಯಂತ್ರದ ನೀರು ಹಿಡಿದಿಟ್ಟರು.

ಬಾಗೇಪಲ್ಲಿಯವರಿಗೆ ಒಂದು ಪ್ರಶ್ನೆ. ನಮ್ಮದು ಹೆಂಚಿನ ಮನೆ, ಮಾಡಿನ ಒಂದು ಬದಿಗೆ ಮಾತ್ರ ದೋಣಿ ಕಟ್ಟಬಹುದು, ಅಂದಾಜು 45 ಚದರ ಮೀಟರ್. ಏಳು ಜನಕ್ಕೆ ಎಷ್ಟು ಲೀಟರಿನ ಸಂಪು ತೋಡಿಸಲಿ? ಮೇಸ್ತ್ರಿ ಶುಕ್ರವಾರ ಬರುತ್ತೇನೆ ಎಂದಿದ್ದಾನೆ.